ಹೇಳದೆ ಮಾಡಿದ ರೆಕಾರ್ಡಿಂಗ್: ಯಾವುದು ಸರಿ, ಯಾವುದು ಅಪರಾಧ, ಕೋರ್ಟಿನಲ್ಲಿ ಯಾವುದು ನಿಲ್ಲುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೋಡಿ (ಜಮೀನು ಅಳೆದು ಪಾಲು ಬೇರ್ಪಡಿಸುವುದು) ಮಾಡಿಕೊಡಲು ಹಣ ಕೇಳಿದ ಮಾತು, ದೂರು ತೆಗೆದುಕೊಳ್ಳದೆ ಠಾಣೆಯಲ್ಲಿ ಗದರಿಸಿದ ಮಾತು, ಮನೆಯೊಳಗಿನ ಜಗಳ, ಎಚ್‌ಆರ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದ ಮಾತು. ಇವೆಲ್ಲ ಇವತ್ತು ಯಾರದ್ದಾದರೂ ಮೊಬೈಲಿನಲ್ಲಿ ಕೂತಿವೆ. ಜೊತೆಗೇ ಒಂದು ಅಳುಕೂ ಕೂತಿದೆ: "ಹೇಳದೆ ರೆಕಾರ್ಡ್ ಮಾಡಿದ್ದೀನಿ, ನನ್ನ ಮೇಲೇ ಕೇಸಾಗುತ್ತಾ?" ಭಾರತದ ಕಾನೂನಿನಲ್ಲಿ ಇದಕ್ಕೆ ಉತ್ತರ ಹೇಳಲು ಎರಡು ಸಂಗತಿ ಗೊತ್ತಿರಬೇಕು. ಆ ಮಾತುಕತೆಯಲ್ಲಿ ನೀವೂ ಇದ್ದಿರಾ? ಆಮೇಲೆ ಆ ಫೈಲನ್ನು ಏನು ಮಾಡಿದಿರಿ? ಮೊದಲನೆಯದರಲ್ಲಿ ಪಾರಾದವರು ಎರಡನೆಯದರಲ್ಲಿ ಎಡವುವುದೇ ಹೆಚ್ಚು.

ನಾನೇ ಮಾತಾಡಿದ ಫೋನ್ ಕರೆಯನ್ನು ಎದುರಿನವರಿಗೆ ತಿಳಿಸದೆ ರೆಕಾರ್ಡ್ ಮಾಡಿದರೆ ಅಪರಾಧವೇ?

ಅಲ್ಲ. ಮಾತುಕತೆಯಲ್ಲಿ ಭಾಗಿಯಾದವರು ಅದನ್ನು ರೆಕಾರ್ಡ್ ಮಾಡುವುದನ್ನು ಅಪರಾಧ ಎನ್ನುವ ಕಾನೂನು ನಮ್ಮಲ್ಲಿಲ್ಲ. ಈ ಬಗ್ಗೆ ಇಂದಿಗೂ ಆಧಾರವಾಗಿರುವುದು ಆರ್. ಎಂ. ಮಲ್ಕಾನಿ ಪ್ರಕರಣ. ಮುಂಬೈನ ಕೊರೊನರ್ (ಅನುಮಾನಾಸ್ಪದ ಸಾವಿನ ವಿಚಾರಣಾಧಿಕಾರಿ) ಒಬ್ಬರು, ರೋಗಿಯ ಸಾವಿನ ವಿಚಾರಣೆಯಲ್ಲಿ ಅನುಕೂಲ ಮಾಡಿಕೊಡಲು ವೈದ್ಯರಿಂದ ಹಣ ಕೇಳಿದ್ದರು. 1964ರಲ್ಲಿ ಇನ್ನೊಬ್ಬ ವೈದ್ಯರ ಫೋನಿಗೆ, ಅವರ ಒಪ್ಪಿಗೆ ಪಡೆದೇ, ಪೊಲೀಸರು ಟೇಪ್ ರೆಕಾರ್ಡರ್ ಜೋಡಿಸಿದರು. "ಇದು ಟೆಲಿಗ್ರಾಫ್ ಕಾಯ್ದೆಯ ಉಲ್ಲಂಘನೆ" ಎಂಬ ಆರೋಪಿಯ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಾತಾಡುವ ಇಬ್ಬರಲ್ಲಿ ಒಬ್ಬರು ಒಪ್ಪಿದ್ದರೆ ಅದು ಕದ್ದಾಲಿಕೆ ಆಗುವುದಿಲ್ಲ ಎಂದಿತು.

2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಮೇಲೆ ಲೆಕ್ಕ ಬದಲಾಯಿತೇ ಎಂದು ಹಲವರು ಕೇಳುತ್ತಾರೆ. (ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.) ವಾದಕ್ಕೆ ಜಾಗ ಸಿಕ್ಕಿದೆ, ಕೆಲವು ಹೈಕೋರ್ಟುಗಳು ರೆಕಾರ್ಡಿಂಗನ್ನು ತಳ್ಳಿಹಾಕಿದ್ದೂ ಉಂಟು. ಹಾಗೆಂದು ನಿಮ್ಮದೇ ಕರೆಯ ರೆಕಾರ್ಡಿಂಗ್ ಹೊಸದಾಗಿ ಅಪರಾಧವೇನೂ ಆಗಿಲ್ಲ.

ಬೇರೆ ಇಬ್ಬರ ಮಾತನ್ನು ರೆಕಾರ್ಡ್ ಮಾಡಬಹುದೇ?

ಬೇಡ. ಇದೇ ಗೆರೆ. ನೀವು ಇಲ್ಲದ ಕರೆಗೆ ಕಿವಿ ಹಚ್ಚಿದರೆ ಅದು ಕದ್ದಾಲಿಕೆ. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರ್ಕಾರಕ್ಕೂ ಮನಬಂದಂತೆ ಕೇಳುವ ಅಧಿಕಾರವಿಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯ 1996ರ ಸುಪ್ರೀಂ ಕೋರ್ಟ್ ತೀರ್ಪು ಗೃಹ ಕಾರ್ಯದರ್ಶಿ ಮಟ್ಟದ ಲಿಖಿತ ಆದೇಶ ಬೇಕೆಂದಿತು. ಫೋನ್ ಕದ್ದಾಲಿಕೆ ಎಷ್ಟು ದುಬಾರಿ ಎಂದು ಕರ್ನಾಟಕಕ್ಕೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ: 1988ರಲ್ಲಿ ರಾಮಕೃಷ್ಣ ಹೆಗಡೆ ಅವರ ಮುಖ್ಯಮಂತ್ರಿ ಕುರ್ಚಿಯೇ ಅದರಿಂದ ಹೋಯಿತು.

ಕೋಣೆಯಲ್ಲಿ ರೆಕಾರ್ಡರ್ ಇಟ್ಟು ತಾನು ಎದ್ದು ಹೋಗುವುದಕ್ಕೆ ಈ ಸೆಕ್ಷನ್ ನೇರವಾಗಿ ತಗಲುವುದಿಲ್ಲ, ಅಲ್ಲಿ ಫೋನ್ ತಂತಿಯೂ ಇಲ್ಲ, ಸಂದೇಶವೂ ಇಲ್ಲ. ಆದರೆ ಖಾಸಗಿತನದ ಉಲ್ಲಂಘನೆಯ ವಾದಕ್ಕೆ ಇದಕ್ಕಿಂತ ಸುಲಭದ ಗುರಿ ಬೇರೆ ಇಲ್ಲ.

ಗಂಡ ಹೆಂಡತಿ ನಡುವಿನ ಮಾತು?

ಪಂಜಾಬಿನ ಬಠಿಂಡಾದಿಂದ ಹೋದ ವಿಭೋರ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 14ರಂದು ಇದನ್ನು ತೀರ್ಮಾನಿಸಿತು. ಸಂಗಾತಿಯ ಜೊತೆ ತಾನು ಆಡಿದ ಮಾತಿನ ಗುಟ್ಟು ರೆಕಾರ್ಡಿಂಗನ್ನು ವಿಚ್ಛೇದನ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಕೊಡಬಹುದು. ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತಕ್ಕೆ ಬಂದಿದ್ದಾರೆಂದರೆ ಆ ಸಂಸಾರ ಆಗಲೇ ಒಡೆದಿದೆ ಎಂಬುದು ಪೀಠದ ಧಾಟಿ.

ಈ ತೀರ್ಪನ್ನು ಹಿಗ್ಗಿಸಿ ಓದುವವರಿಗೆ ಎಚ್ಚರಿಕೆ. ಹೆಂಡತಿ ತನ್ನ ತವರಿನವರ ಜೊತೆ, ಗೆಳತಿಯರ ಜೊತೆ ಆಡಿದ ಮಾತನ್ನು ಗಂಡ ರೆಕಾರ್ಡ್ ಮಾಡಿದ್ದು ಕಾನೂನುಬಾಹಿರ ಎಂದು ಆಂಧ್ರಪ್ರದೇಶ ಹೈಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಸಂಗಾತಿಯ ಫೋನಿಗೆ ಅವರಿಗೆ ಗೊತ್ತಿಲ್ಲದಂತೆ ಆ್ಯಪ್ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್, 3 ವರ್ಷದವರೆಗೆ ಜೈಲು. ಹೆಣ್ಣುಮಗಳ ಇಮೇಲ್, ಚಾಟ್ ಮೇಲೆ ಕಣ್ಣಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಜಾಗಕ್ಕೆ ಬಂದದ್ದು) 78ನೇ ಸೆಕ್ಷನ್ ಬೇರೆ.

ಸರ್ಕಾರಿ ಕಚೇರಿಯಲ್ಲಿ ವಿಡಿಯೋ ಮಾಡಬಾರದು ಎಂಬ ಆದೇಶ ಇದೆಯಲ್ಲ?

ಇತ್ತು, ಒಂದು ರಾತ್ರಿ. ನೌಕರರ ಸಂಘದ ಬೇಡಿಕೆಯಂತೆ 2022ರ ಜುಲೈ 15ರಂದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಹಾಗೊಂದು ಆದೇಶ ಹೊರಡಿಸಿತು. ಎಲ್ಲೆಡೆ ಟೀಕೆ ಬಂದದ್ದೇ ತಡ, ಬೆಳಗಾಗುವಷ್ಟರಲ್ಲಿ ಅದು ವಾಪಸಾಯಿತು. ಆ ಹಳೆಯ ಆದೇಶದ ಪ್ರತಿ ಈಗಲೂ ಕೆಲವು ಕಚೇರಿಗಳ ಗೋಡೆಯಲ್ಲಿ ಕಂಡರೆ ಆಶ್ಚರ್ಯವಿಲ್ಲ. ವಾಪಸಾತಿ ಆದೇಶದ ಪ್ರತಿಯೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡರೆ ವಾದ ಬೇಗ ಮುಗಿಯುತ್ತದೆ.

ಇಷ್ಟಿದ್ದೂ, ರೆಕಾರ್ಡ್ ಮಾಡುವ ಭರದಲ್ಲಿ ಮೇಜಿನ ಮೇಲಿನ ಕಡತ ಎಳೆಯುವುದು, ದಾರಿಗೆ ಅಡ್ಡ ನಿಲ್ಲುವುದು, ಕ್ಯಾಮೆರಾವನ್ನು ಮುಖಕ್ಕೆ ಹಿಡಿದು ಏಕವಚನದಲ್ಲಿ ಕೂಗಾಡುವುದು ಮಾಡಿದರೆ ಕರ್ತವ್ಯಕ್ಕೆ ಅಡ್ಡಿ ಎಂಬ ನ್ಯಾಯ ಸಂಹಿತೆಯ 221ನೇ ಸೆಕ್ಷನ್ ಸಿದ್ಧವಾಗಿ ಕಾದಿರುತ್ತದೆ (3 ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ). ಕೈ ತಾಗಿತೆಂದರೆ 132. ಇಂಥ ಜಗಳದಲ್ಲಿ ಕೇಸು ಬೀಳುವುದು ರೆಕಾರ್ಡಿಂಗಿಗಲ್ಲ, ಕೂಗಾಟಕ್ಕೆ.

ಪೊಲೀಸ್ ಠಾಣೆ?

"ಠಾಣೆ ನಿಷೇಧಿತ ಸ್ಥಳ, ಅಧಿಕೃತ ರಹಸ್ಯ ಕಾಯ್ದೆ ಹಾಕುತ್ತೇವೆ" ಎಂಬ ಬೆದರಿಕೆ ಹಳೆಯದು. 1923ರ ಆ ಕಾಯ್ದೆಯ 2(8)ನೇ ಸೆಕ್ಷನ್ನಿನಲ್ಲಿ ನಿಷೇಧಿತ ಸ್ಥಳಗಳ ವಿವರ ಇದೆ, ಅದರಲ್ಲಿ ಪೊಲೀಸ್ ಠಾಣೆ ಇಲ್ಲ. ವರ್ಧಾದ ಠಾಣೆಯೊಂದರಲ್ಲಿ ವಿಡಿಯೋ ಮಾಡಿದವರ ಮೇಲೆ ಹಾಕಿದ್ದ ಪ್ರಕರಣವನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಇದೇ ಕಾರಣಕ್ಕೆ ರದ್ದುಮಾಡಿತು. ಅದು ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ಕಾಯ್ದೆ ಇಡೀ ದೇಶಕ್ಕೆ ಒಂದೇ.

ನಿಮ್ಮ ರೆಕಾರ್ಡಿಂಗಿಗಿಂತ ಗಟ್ಟಿ ದಾಖಲೆ ಠಾಣೆಯ ಗೋಡೆಯ ಮೇಲೇ ಇರಬೇಕು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಧ್ವನಿಸಹಿತ ಸಿಸಿಟಿವಿ ಬೇಕು, ದೃಶ್ಯವನ್ನು 18 ತಿಂಗಳು ಇಡಬೇಕು, ಆ ಸೌಲಭ್ಯ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಬಾರದು ಎಂದಿದೆ. ದಿನಾಂಕ, ಗಂಟೆ ಬರೆದು ದೃಶ್ಯ ಕಾಯ್ದಿರಿಸುವಂತೆ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಡಮಾಡಿದಷ್ಟೂ "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಹತ್ತಿರವಾಗುತ್ತದೆ.

ನಿಜಕ್ಕೂ ಎಲ್ಲಿ ಮಾಡಬಾರದು?

ರಕ್ಷಣಾ ನೆಲೆ ಮತ್ತು ಸರ್ಕಾರ ಅಧಿಸೂಚಿಸಿದ ನಿಷೇಧಿತ ಸ್ಥಳ. ಕೋರ್ಟ್ ಕಲಾಪ: 2022ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ನೇರಪ್ರಸಾರ ನಿಯಮಗಳು ಅನುಮತಿ ಇಲ್ಲದ ರೆಕಾರ್ಡಿಂಗನ್ನು ನಿಷೇಧಿಸಿವೆ, ಯೂಟ್ಯೂಬ್ ಪ್ರಸಾರವನ್ನು ಕತ್ತರಿಸಿ ಹಾಕುವುದನ್ನೂ ಸೇರಿಸಿ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳ ಚಿತ್ರೀಕರಣ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನ ಅಪರಾಧ, ಮೊದಲ ಸಲಕ್ಕೇ ಕನಿಷ್ಠ 1 ವರ್ಷ. ಇದರಲ್ಲಿ "ಸಾರ್ವಜನಿಕ ಹಿತ" ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಲಂಚ ಕೇಳುತ್ತಿದ್ದಾರೆ. ರೆಕಾರ್ಡ್ ಮಾಡುವುದು ಹೇಗೆ?

ಮೊದಲು ಕೋರ್ಟಿಗೆ ಏನು ಬೇಕು ಎಂದು ತಿಳಿಯಿರಿ. ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ "ಕೇಳಿದ್ದು" ಸಾಬೀತಾಗಬೇಕು. ಬರೀ ಹಣ ಸಿಕ್ಕಿತು ಎಂದರೆ ಸಾಲದು, "ಸಾಲ ವಾಪಸ್ ಕೊಟ್ಟರು" ಎಂದುಬಿಡುತ್ತಾರೆ. ದೂರುದಾರ ತಿರುಗಿಬಿದ್ದರೂ, ತೀರಿಕೊಂಡರೂ, ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ರುಜುವಾತು ಮಾಡಬಹುದು ಎಂದು 2022ರ ನೀರಜ್ ದತ್ತಾ ಪ್ರಕರಣದ ಸಂವಿಧಾನ ಪೀಠ ಹೇಳಿದೆ. ರೆಕಾರ್ಡಿಂಗಿನ ಬೆಲೆ ಅಲ್ಲಿದೆ.

ಆದರೆ ಪಳಗಿದ ಕೈ ಹಣ ಎಂಬ ಶಬ್ದವನ್ನೇ ಎತ್ತುವುದಿಲ್ಲ. "ಸ್ವಲ್ಪ ನೋಡ್ಕೊಳ್ಳಿ", "ಸಾಹೇಬ್ರಿಗೂ ತಲುಪಿಸ್ಬೇಕಲ್ಲ" ಎನ್ನುತ್ತದೆ, ಐದು ಬೆರಳು ತೋರಿಸುತ್ತದೆ, ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ನಿಮ್ಮ ಕಡೆ ತಿರುಗಿಸಿ ಅಳಿಸಿಬಿಡುತ್ತದೆ. ಆಡಿಯೋದಲ್ಲಿ ಉಳಿಯುವುದು ಮೌನ. ಅದಕ್ಕೇ ಕಂಡದ್ದನ್ನು ನೀವು ಬಾಯಲ್ಲಿ ಹೇಳಬೇಕು: "ಐದು ಅಂದ್ರೆ ಐದು ಸಾವಿರಾನಾ ಸಾರ್? ಪೋಡಿ ಕಡತಕ್ಕೇ ತಾನೇ?" ಈ ಎರಡು ವಾಕ್ಯದಲ್ಲಿ ಮೊತ್ತವೂ ಬಂತು, ಬಾಕಿ ಇರುವ ಕೆಲಸವೂ ಬಂತು. ಎದುರಿನವರು "ಹ್ಞೂಂ" ಎಂದರೂ ಸಾಕು.

ತದ್ವಿರುದ್ಧವಾಗಿ, ಒಳಗೆ ಕಾಲಿಟ್ಟವರೇ "ಎಷ್ಟು ಕೊಡ್ಲಿ ಸಾರ್?" ಎಂದರೆ ಕೇಸು ಅರ್ಧ ಸತ್ತಂತೆ. ಆಮಿಷ ಒಡ್ಡಿದ್ದೇ ಇವರು ಎಂದು ಆರೋಪಿಯ ವಕೀಲರು ಆ ಒಂದು ಸಾಲನ್ನೇ ಹತ್ತು ಸಲ ಓದುತ್ತಾರೆ. "ಕಡತ ಎಲ್ಲಿಗೆ ಬಂತು ಸಾರ್? ಯಾಕೆ ನಿಂತಿದೆ?" ಎಂದು ಕೇಳಿ ಸುಮ್ಮನಾಗಿ.

ಇನ್ನು ಯಂತ್ರದ ಮಾತು. ಹಿಂದಿನ ದಿನ ಅದೇ ಅಂಗಿ ಹಾಕಿಕೊಂಡು ಮನೆಯಲ್ಲಿ ಫ್ಯಾನ್ ಓಡಿಸಿ ಪರೀಕ್ಷಿಸಿ. ಮೈಕ್ ಸಾಮಾನ್ಯವಾಗಿ ಫೋನಿನ ಕೆಳತುದಿಯಲ್ಲಿರುತ್ತದೆ, ಹಾಗಾಗಿ ಅಂಗಿ ಜೇಬಿನಲ್ಲಿ ಫೋನ್ ತಲೆಕೆಳಗಾಗಿ ಕೂರಬೇಕು. ಪ್ಯಾಂಟಿನ ಜೇಬಿನಲ್ಲಿ ಬಟ್ಟೆ ಉಜ್ಜುವ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ. ನಡುವೆ ಕರೆ ಬಂದರೆ ಹಲವು ಫೋನುಗಳಲ್ಲಿ ರೆಕಾರ್ಡರ್ ನಿಂತೇ ಹೋಗುತ್ತದೆ, ಏರೋಪ್ಲೇನ್ ಮೋಡ್ ಹಾಕಿ. ಆಂಡ್ರಾಯ್ಡ್ 12 ಮತ್ತು ಮುಂದಿನವುಗಳಲ್ಲಿ ಮೈಕ್ ಓಡುವಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಮೂಡುತ್ತದೆ, ಪರದೆ ಆರಿಸಿಡಿ. ಕಚೇರಿಯ ಹೊರಗೇ ಶುರುಮಾಡಿ, ಹೊರಗೆ ಬಂದಮೇಲೆ ನಿಲ್ಲಿಸಿ. ನಿಮಿಷಕ್ಕೆ 1 ಎಂಬಿ ಆಸುಪಾಸು ಜಾಗ ಹಿಡಿಯುತ್ತದೆ, ಅದಕ್ಕೆ ಜಿಪುಣತನ ಬೇಡ.

ಆ ರೆಕಾರ್ಡಿಂಗ್ ಹಿಡಿದು ಎಲ್ಲಿಗೆ ಹೋಗಬೇಕು?

ಲೋಕಾಯುಕ್ತ ಪೊಲೀಸರ ಬಳಿ. 2016ರಲ್ಲಿ ಹುಟ್ಟಿದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಮಾಡಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತಕ್ಕೆ ಬಂದಿದೆ. ಕೇಂದ್ರ ಸರ್ಕಾರದ ನೌಕರರಾದರೆ ಸಿಬಿಐ. ಹಣ ಕೊಡುವ ಮೊದಲೇ ಹೋಗಿ, ಅದು ಮುಖ್ಯ.

ದೂರು ಬರವಣಿಗೆಯಲ್ಲಿ ಕೊಡುತ್ತೀರಿ, ಎಫ್‌ಐಆರ್ ಆಗುತ್ತದೆ. ಪಂಚರ ಮುಂದೆ ನೋಟುಗಳ ನಂಬರ್ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ನಿಮ್ಮ ಕೈಗೆ ಅವರದೇ ವಾಯ್ಸ್ ರೆಕಾರ್ಡರ್ ಕೊಟ್ಟು, ಜೊತೆಗೆ ಒಬ್ಬ ಸಾಕ್ಷಿಯನ್ನು ಕಳಿಸುತ್ತಾರೆ. ಕೇಳುವ ತನಕ ಹಣ ತೆಗೆಯಬೇಡಿ ಎಂದು ನೂರು ಸಲ ಹೇಳುತ್ತಾರೆ, ಕಾರಣ ಮೇಲೆ ಹೇಳಿದ್ದೇ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸ್ಥಳದಲ್ಲೇ ಹಿಡಿಯುವ ಇಂಥ ಪ್ರಕರಣಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಸೆಕ್ಷನ್ ಹೇಳುವ, ತನಿಖೆಗೆ ಮುಂಚಿನ ಸರ್ಕಾರದ ಅನುಮತಿ ಬೇಕಿಲ್ಲ.

ಹಣ ಆಗಲೇ ಕೊಟ್ಟಾಗಿದೆ. ಈಗ ರೆಕಾರ್ಡಿಂಗ್ ಕೊಟ್ಟರೆ ನಾನೂ ಸಿಕ್ಕಿಬೀಳುತ್ತೇನೆಯೇ?

2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ, ಅದೇ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಸೆಕ್ಷನ್, 7 ವರ್ಷದವರೆಗೆ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಎಂಟನೇ ದಿನ ಅದೇ ರೆಕಾರ್ಡಿಂಗ್ ನಿಮ್ಮ ವಿರುದ್ಧದ ಸಾಕ್ಷ್ಯವೂ ಆಗಬಲ್ಲದು. ಮೊದಲೇ ತಿಳಿಸಿ, ತನಿಖೆಗೆ ನೆರವಾಗಲೆಂದು ಕೊಟ್ಟವರಿಗೆ ಈ ಸೆಕ್ಷನ್ ತಗಲುವುದಿಲ್ಲ.

ಸ್ವಂತ ಕುಟುಕು ಕಾರ್ಯಾಚರಣೆ ಮಾಡುವ ಯೂಟ್ಯೂಬ್ ಉತ್ಸಾಹಿಗಳು ಇದನ್ನು ಓದಬೇಕು. 2003ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಹಣ ತೆಗೆದುಕೊಳ್ಳುವ ದೃಶ್ಯ ಹೊರಬಂತು. ಆ ದೃಶ್ಯ ಮಾಡಿಸಿದವರೂ ಆರೋಪಿಗಳಾದರು, ಅವರ ಮೇಲಿನ ಕೇಸು ರದ್ದುಮಾಡಲು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಲಿಲ್ಲ. ಉದ್ದೇಶ ಏನಿತ್ತೆಂದು ವಿಚಾರಣೆಯಲ್ಲಿ ಗೊತ್ತಾಗಲಿ ಎಂದಿತು.

ಫೈಲನ್ನು ಹೇಗೆ ಇಡಬೇಕು?

ಹತ್ತರಲ್ಲಿ ಎಂಟು ಜನ ಮಾಡುವ ಕೆಲಸ ಒಂದೇ: ವಕೀಲರಿಗೆ ವಾಟ್ಸಾಪ್ ಮಾಡಿ, ಜಾಗ ಸಾಲದೆಂದು ಮೂಲವನ್ನು ಅಳಿಸುವುದು. ಹಾಗೆ ಕಳಿಸಿದ ವಿಡಿಯೋವನ್ನು ವಾಟ್ಸಾಪ್ ಕುಗ್ಗಿಸುತ್ತದೆ, ಫೈಲಿನ ಹೆಸರು ಬದಲಾಗುತ್ತದೆ, ಯಾವಾಗ ಹುಟ್ಟಿದ್ದೆಂಬ ವಿವರ ಕಳೆದುಹೋಗುತ್ತದೆ. "ಬೇಡದ್ದನ್ನು ಕತ್ತರಿಸಿ ಮುಖ್ಯವಾದ್ದಷ್ಟೇ ಇಟ್ಟಿದ್ದೀನಿ" ಎನ್ನುವವರು ಇನ್ನೂ ಕಷ್ಟ. ಕತ್ತರಿಸಿದ ಜಾಗದಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ.

ಕೋರ್ಟು ಕೇಳುವ ಪ್ರಶ್ನೆಗಳು 1985ರ ರಾಮ್ ಸಿಂಗ್ ಪ್ರಕರಣದಿಂದಲೂ ಹೆಚ್ಚುಕಡಿಮೆ ಅವೇ: ಧ್ವನಿ ಯಾರದ್ದೆಂದು ಗುರುತಾಗಿದೆಯೇ, ಕೈಚಳಕ ನಡೆದಿಲ್ಲವೇ, ಪ್ರಕರಣಕ್ಕೆ ಸಂಬಂಧವಿದೆಯೇ, ಭದ್ರವಾಗಿ ಇಡಲಾಗಿತ್ತೇ, ಮಾತು ಸ್ಪಷ್ಟವಾಗಿ ಕೇಳುತ್ತದೆಯೇ.

ಆದ್ದರಿಂದ ಮೂಲ ಫೈಲ್ ಅದೇ ಫೋನಿನಲ್ಲಿ ಹಾಗೇ ಇರಲಿ. ಆ ಫೋನ್ ಮಾರಬೇಡಿ, ಎಕ್ಸ್‌ಚೇಂಜಿಗೆ ಕೊಡಬೇಡಿ, ರೀಸೆಟ್ ಮಾಡಬೇಡಿ. ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಇಳಿಸಿ, ಎರಡು ಹೊಸ ಪೆನ್‌ಡ್ರೈವಿಗೆ ಹಾಕಿ. ಅದೇ ದಿನ ಫೈಲಿನ ಹ್ಯಾಶ್ (ಅದರ ಬೆರಳಚ್ಚಿನಂಥ ಸಂಕೇತ) ತೆಗೆಯಿರಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದ್ದೇ ಇದೆ. ಎಸ್‌ಎಚ್‌ಎ-256 ಆರಿಸಿದರೆ 64 ಅಕ್ಷರ-ಅಂಕಿಗಳ ಸಾಲು ಬರುತ್ತದೆ, ಫೈಲಿನಲ್ಲಿ ಒಂದು ಕ್ಷಣದ ಸದ್ದು ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಅದನ್ನು ದಿನಾಂಕ, ಸ್ಥಳ, ಯಾರಿದ್ದರು ಎಂಬುದರ ಜೊತೆ ಬರೆದಿಡಿ. ಮಾತು ಮಾತಿಗೂ ನಿಮಿಷ-ಸೆಕೆಂಡು ಹಾಕಿ, ಆಡಿದ ಭಾಷೆಯಲ್ಲೇ ಲಿಪ್ಯಂತರ ಮಾಡಿ. "ಕೊಡ್ಬೇಕಾಗ್ತದ್ರೀ" ಎಂದಿದ್ದನ್ನು "ಕೊಡಬೇಕಾಗುತ್ತದೆ" ಎಂದು ತಿದ್ದಬೇಡಿ.

ಡಿಜಿಟಲ್ ದಾಖಲೆಯ ಜೊತೆ ಕೊಡುತ್ತಿದ್ದ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಈಗಲೂ ಬೇಕೇ?

ಹೆಸರು ಬದಲಾಗಿದೆ, ಕೆಲಸ ಹೆಚ್ಚಾಗಿದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4). ಅನುಸೂಚಿಯ ನಮೂನೆಯಲ್ಲಿ ಎರಡು ಭಾಗ: 'ಎ' ಭಾಗವನ್ನು ನೀವು ತುಂಬಬೇಕು, ಅಂದರೆ ಸಾಧನದ ಕಂಪನಿ, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಐಎಂಇಐ (ಫೋನಿನ ಗುರುತು ಸಂಖ್ಯೆ), ಹ್ಯಾಶ್. 'ಬಿ' ಭಾಗಕ್ಕೆ ತಜ್ಞರ ಸಹಿ. ಸಿಡಿ, ಪೆನ್‌ಡ್ರೈವ್ ಕೊಡುವಾಗಲೆಲ್ಲ ಸರ್ಟಿಫಿಕೇಟ್ ಜೊತೆಗಿರಬೇಕು. ಮೂಲ ಫೋನನ್ನೇ ಹಾಜರುಪಡಿಸಿ ಅದರ ಮಾಲೀಕರು ಕಟಕಟೆಯಲ್ಲಿ ನಿಂತು ಹೇಳಿದರೆ ಸರ್ಟಿಫಿಕೇಟ್ ಬೇಡ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು (ಹಳೆಯ ಕಾಯ್ದೆಯಡಿ) ಹೇಳಿದೆ. ಆ ಫೋನ್ ಕಾಪಾಡಿ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೂ ಸೇರಿಯೇ.

ನನ್ನ ಫೋನ್ "ಈ ಕರೆ ರೆಕಾರ್ಡ್ ಆಗುತ್ತಿದೆ" ಎಂದು ಕೂಗುತ್ತದಲ್ಲ?

ಗೂಗಲ್ ಡಯಲರ್ ಇರುವ ಫೋನುಗಳಲ್ಲಿ ಹಾಗೇ. ಐಫೋನಿನಲ್ಲೂ ಐಒಎಸ್ 18.1ರಿಂದ ಬಂದ ಸೌಲಭ್ಯ ಘೋಷಣೆ ಮಾಡಿಯೇ ಶುರುವಾಗುತ್ತದೆ. ಇದು ಭಾರತದ ಕಾನೂನಲ್ಲ, ಆ ಕಂಪನಿಗಳ ಧೋರಣೆ. ಪ್ಲೇ ಸ್ಟೋರಿನ ಮೂರನೆಯವರ ಆ್ಯಪುಗಳಿಗೆ 2022ರ ಮೇ ತಿಂಗಳಲ್ಲೇ ಗೂಗಲ್ ಬಾಗಿಲು ಹಾಕಿದೆ. ಸ್ಪೀಕರ್ ಹಾಕಿ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಸಾಕ್ಷ್ಯವೇ, ಆಗ ಮೂಲ ಸಾಧನ ಆ ಎರಡನೇ ಫೋನು.

ಫೇಸ್‌ಬುಕ್‌ಗೆ ಹಾಕಿಬಿಡಲೇ?

ರೆಕಾರ್ಡ್ ಮಾಡುವುದು ಒಂದು, ಹರಡುವುದು ಇನ್ನೊಂದು. ಅಧಿಕಾರಿ ತನ್ನ ಕರ್ತವ್ಯಕ್ಕೆ ಸಂಬಂಧಿಸಿ ನಡೆದುಕೊಂಡದ್ದಕ್ಕೆ ಖಾಸಗಿತನದ ರಕ್ಷಣೆ ಕೇಳುವಂತಿಲ್ಲ ಎಂದು 1994ರ ರಾಜಗೋಪಾಲ್ ತೀರ್ಪಿನಲ್ಲಿದೆ. ಅದೇ ಅಧಿಕಾರಿಯ ಮನೆ ಜಗಳ, ಕಾಯಿಲೆಯ ಸುದ್ದಿಗೆ ಈ ಸಡಿಲಿಕೆ ಇಲ್ಲ. ಕತ್ತರಿಸಿ ಅಂಟಿಸಿದ ತುಣುಕು ಹಾಕಿದರೆ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನ ಮಾನನಷ್ಟ ಬರಬಹುದು. 2007ರಲ್ಲಿ ದೆಹಲಿಯ ಶಿಕ್ಷಕಿಯೊಬ್ಬರ ವಿರುದ್ಧ ಸುಳ್ಳು ಕುಟುಕು ಕಾರ್ಯಾಚರಣೆ ಪ್ರಸಾರ ಮಾಡಿದ ಟಿವಿ ವಾಹಿನಿಯನ್ನು ಸರ್ಕಾರ ಒಂದು ತಿಂಗಳು ಮುಚ್ಚಿಸಿತ್ತು.

ಇನ್ನೊಂದು ಲೆಕ್ಕವೂ ಇದೆ: ಮೊದಲೇ ವೈರಲ್ ಮಾಡಿದರೆ ಲೋಕಾಯುಕ್ತಕ್ಕೆ ಬಲೆ ಬೀಸಲು ಏನೂ ಉಳಿಯುವುದಿಲ್ಲ. "ಇಷ್ಟು ಕೊಡಿ, ಇಲ್ಲದಿದ್ದರೆ ಹಾಕುತ್ತೇನೆ" ಎಂದಿರೋ, ಅದು ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಸುಲಿಗೆ, 7 ವರ್ಷದವರೆಗೆ. ಕೆಲಸ ಮಾಡಿಕೊಡಿ ಎಂದು ಬೆದರಿಸಲೂ ಅದನ್ನು ಬಳಸಬೇಡಿ.

ಫೋನ್ ಕಸಿದು ಡಿಲೀಟ್ ಮಾಡು ಎಂದರೆ?

ಅಳಿಸಿ ಎನ್ನುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ. ಸಾಕ್ಷ್ಯವಾಗಬಲ್ಲ ಎಲೆಕ್ಟ್ರಾನಿಕ್ ದಾಖಲೆಯನ್ನು ನಾಶಮಾಡುವುದು ನ್ಯಾಯ ಸಂಹಿತೆಯ 241ನೇ ಸೆಕ್ಷನ್ನಿನಡಿ 3 ವರ್ಷದವರೆಗಿನ ಅಪರಾಧ. ಪೊಲೀಸರು ತನಿಖೆಗೆಂದು ಜಪ್ತಿ ಮಾಡಬಹುದು, ಆಗ ಮಹಜರಿನ ಪ್ರತಿ ಕೇಳಿ ಪಡೆಯಿರಿ. ಕೈಕೈ ಮಿಲಾಯಿಸಬೇಡಿ. ಅಳಿಸಿಬಿಟ್ಟಿದ್ದರೆ ಫೋನ್ ಬಳಸುವುದನ್ನು ಕೂಡಲೇ ನಿಲ್ಲಿಸಿ. ಹೊಸ ಫೈಲ್ ಅದೇ ಜಾಗದಲ್ಲಿ ಕೂತರೆ ಹಳೆಯದನ್ನು ಎತ್ತುವ ಆಸೆ ಬಿಡಬೇಕು.

ಕಂಪನಿಯ ಎಚ್‌ಆರ್ ಸಭೆ? ಸರ್ಕಾರಿ ನೌಕರ ತನ್ನ ಮೇಲಧಿಕಾರಿಯನ್ನು ರೆಕಾರ್ಡ್ ಮಾಡಿದರೆ?

ಎರಡೂ ಅಪರಾಧವಲ್ಲ, ಆದರೆ ಕೆಲಸಕ್ಕೆ ಕುತ್ತು ಬರಬಹುದು. ನೇಮಕಾತಿ ಪತ್ರದ ಗೋಪ್ಯತೆ ಷರತ್ತನ್ನೋ, ನಡತೆ ನಿಯಮವನ್ನೋ ತೋರಿಸಿ ಶಿಸ್ತು ಕ್ರಮ ಜರುಗಿಸುತ್ತಾರೆ. "ರಾಜೀನಾಮೆ ಕೊಡಿ" ಎಂದು ಬಾಯಲ್ಲಷ್ಟೇ ಹೇಳಿದ್ದಕ್ಕೆ ಅದೇ ಸಂಜೆ "ಇಂದಿನ ಸಭೆಯಲ್ಲಿ ತಾವು ಹೀಗೆ ಹೇಳಿದಿರಿ" ಎಂದು ಇಮೇಲ್ ಹಾಕುವುದು ಎಷ್ಟೋ ಸಲ ರೆಕಾರ್ಡಿಂಗಿಗಿಂತ ಚೆನ್ನಾಗಿ ನಿಲ್ಲುತ್ತದೆ.

ವಿದೇಶದಲ್ಲಿದ್ದೇನೆ. ಇದೇ ನಿಯಮವೇ?

ಖಂಡಿತ ಅಲ್ಲ. ಅಮೆರಿಕದ ಕೇಂದ್ರ ಕಾನೂನಿಗೆ ಒಬ್ಬರ ಒಪ್ಪಿಗೆ ಸಾಕು, ಕನ್ನಡಿಗರು ತುಂಬಿರುವ ಕ್ಯಾಲಿಫೋರ್ನಿಯಾದಲ್ಲಿ ಗೋಪ್ಯ ಮಾತುಕತೆಗೆ ಎಲ್ಲರ ಒಪ್ಪಿಗೆ ಬೇಕು. ಅಲ್ಲಿ ಹೇಳದೆ ರೆಕಾರ್ಡ್ ಮಾಡಿದರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ಪ್ರತಿ ಉಲ್ಲಂಘನೆಗೆ 5,000 ಡಾಲರ್ ಪರಿಹಾರದ ದಾವೆಯೂ ಬರಬಹುದು. ಜರ್ಮನಿಯಲ್ಲಿ 3 ವರ್ಷದವರೆಗೆ. ದುಬೈ, ಅಬುಧಾಬಿಯಲ್ಲಿರುವವರು ಇನ್ನೂ ಹುಷಾರು: 2021ರ ಸೈಬರ್ ಕಾನೂನಿನ 44ನೇ ವಿಧಿಯಂತೆ ಕನಿಷ್ಠ 6 ತಿಂಗಳ ಜೈಲು, 1.5 ಲಕ್ಷದಿಂದ 5 ಲಕ್ಷ ದಿರ್ಹಮ್ ದಂಡ, ಅಥವಾ ಇವೆರಡರಲ್ಲಿ ಒಂದು. ಊರಿನ ಅಭ್ಯಾಸದಲ್ಲಿ ಅಲ್ಲಿನ ಮಾಲೀಕರ ಮಾತು ರೆಕಾರ್ಡ್ ಮಾಡಬೇಡಿ.

"ಆ ಧ್ವನಿ ನನ್ನದಲ್ಲ, ಎಐನಿಂದ ಮಾಡಿದ್ದು" ಎಂದುಬಿಟ್ಟರೆ?

ಈಗಿನ ಮೊದಲ ವಾದವೇ ಅದು. ಆರೋಪಿಯ ಧ್ವನಿ ಮಾದರಿ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ ಎಂದು 2019ರ ರಿತೇಶ್ ಸಿನ್ಹಾ ತೀರ್ಪು ಹೇಳಿತು, ಈಗ ನಾಗರಿಕ ಸುರಕ್ಷಾ ಸಂಹಿತೆಯ (ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 349ನೇ ಸೆಕ್ಷನ್ನಿನಲ್ಲೇ ಅದು ಬರೆದಿದೆ. ಮಾದರಿ ಮತ್ತು ರೆಕಾರ್ಡಿಂಗ್ ಎರಡೂ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ, ಬೆಂಗಳೂರಿನಲ್ಲಾದರೆ ಮಡಿವಾಳಕ್ಕೆ. ಅವರು ಮೊದಲು ಕೇಳುವುದು ಮೂಲ ಫೈಲ್ ಇರುವ ಫೋನನ್ನು. ಕರೆಯ ದಿನಾಂಕ, ಸಮಯ, ಅವಧಿ ಮೊಬೈಲ್ ಕಂಪನಿಯ ಕರೆ ವಿವರದಲ್ಲೂ ಇರುತ್ತದೆ. 4 ನಿಮಿಷ 12 ಸೆಕೆಂಡಿನ ಕರೆಗೆ 4 ನಿಮಿಷ 12 ಸೆಕೆಂಡಿನ ಫೈಲ್ ಹೊಂದಿಕೊಂಡರೆ, ಎಐ ಎಂಬ ವಾದಕ್ಕೆ ಕಾಲೂರಲು ಜಾಗ ಕಡಿಮೆ.